‘ಇಲ್ಲ’ ಎನ್ನಲು ಬಾರದ ಅಂಗಡಿ

ಗದಗಿನ ಪೇಟೆಗೆ ಹೋಗಿ ಬರಿಗೈಲೆ ತಿರುಗಿ ಬಂದವನಿಗೆ ನಮ್ಮ ಅಂತೂರ ಬೆಂತೂರದ ಕಟ್ಟೆಯ ಮೇಲೆ ಈಗ ಒಂದು ಮಾತು ಸಿದ್ಧವಾಗಿಯೇ ಇರುತ್ತದೆ: “ಅಲ್ಲಿತನಕ ಯಾಕ ಹೋಗಿದ್ದಿ ಕಾಕಾ? ಮೊಬೈಲ್‌ನ್ಯಾಗ ಒತ್ತಿದ್ರ ಮನಿ ಬಾಗಲಕ್ಕ ಬರತಿತ್ತಲ್ಲ!” ಹೇಳುವವನು ಕಾಲೇಜು ಹುಡುಗನೇ ಆಗಿರಬೇಕೆಂದಿಲ್ಲ. ಸಾಲಿ ಮಾಸ್ತರರೂ ಹೇಳುತ್ತಾರೆ, ಪೇಪರಿನ ಪುರವಣಿಯೂ ಹೇಳುತ್ತದೆ. ಆನ್‌ಲೈನ್ ವ್ಯಾಪಾರ ಬಂತು, ಹಳ್ಳಿ-ಪೇಟೆ ಎಂಬ ಅಂತರ ಅಳಿಯಿತು, ‘ಸ್ಟಾಕ್ ಇಲ್ರಿ, ನಾಳೆ ಬರ್ರಿ’ ಎನ್ನುವ ಅಂಗಡಿಕಾರನ ಕಾಲ ಮುಗಿಯಿತು ಎಂಬ ನಂಬಿಕೆ ಈಗ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ಅನುಮಾನಿಸಿದವನನ್ನು ಹಳೇ ಕಾಲದ ಮನುಷ್ಯ ಎಂದು ಪಕ್ಕಕ್ಕೆ ಕೂರಿಸುತ್ತಾರೆ.

ಕೂರಿಸಲಿ. ಪಕ್ಕದಲ್ಲಿ ಕೂತೇ ಹೇಳುತ್ತೇನೆ: ಕೊರತೆಯೂ ಹೋಗಿಲ್ಲ, ದೂರವೂ ಹೋಗಿಲ್ಲ. ಮೊದಲು ಅವೆರಡರ ಭಾರವನ್ನು ಅರ್ಧ ಅಂಗಡಿಯವನು ಹೊರುತ್ತಿದ್ದ. ಈಗ ಅಷ್ಟೂ ನಮ್ಮ ಹೆಗಲಿಗೆ ಬಂದಿದೆ, ಬಂದದ್ದು ಗೊತ್ತಾಗದ ಹಾಗೆ ಬಂದಿದೆ.

ನನ್ನದೇ ಕತೆಯಿಂದ ಸುರು ಮಾಡುತ್ತೇನೆ. ಎರಡು ವರ್ಷದ ಹಿಂದೆ ಹೆಸರು ಹೂವು ಬಿಟ್ಟು ಕಾಯಿ ಕಟ್ಟುತ್ತಿದ್ದ ಹೊತ್ತು. ಕೀಡಿ ಕಾಣಿಸಿತ್ತು, ಎಣ್ಣಿ ಹೊಡೆಯಬೇಕು. ಅದೇ ಹೊತ್ತಿಗೆ ಬ್ಯಾಟರಿ ಪಂಪಿನ ಮೋಟರು ಸುಟ್ಟಿತು. ಗದಗಿನ ಅಂಗಡಿಯವನು ಪಂಪನ್ನು ತಿರುವಿ ನೋಡಿ, “ಈ ಕಂಪನಿ ಮೋಟರ್ ಸದ್ಯಕ್ಕ ಸ್ಟಾಕ್ ಇಲ್ರಿ. ಹುಬ್ಬಳ್ಳಿಗೆ ಹೇಳತೀನಿ, ನಾಡಿದ್ದ ಬರ್ರಿ” ಅಂದ. ಮನೆಗೆ ಬಂದು ಹೇಳಿದರೆ ಅಣ್ಣನ ಮಗ ನಕ್ಕುಬಿಟ್ಟ. ಎರಡು ನಿಮಿಷದಲ್ಲಿ ಅದೇ ಮೋಟರನ್ನು ಮೊಬೈಲಿನಲ್ಲಿ ತೋರಿಸಿದ. ಪಕ್ಕದಲ್ಲಿ ಹಸಿರು ಅಕ್ಷರ: ಸ್ಟಾಕ್ ಇದೆ. ಕೆಳಗೆ ತಾರೀಕು: ಗುರುವಾರದೊಳಗೆ. ರೇಟೂ ಕಡಿಮೆ. ಫೋನ್‌ಪೇಯಲ್ಲಿ ದುಡ್ಡು ಹೋಯಿತು.

ಗುರುವಾರ ಸಂಜೆ ಆ ತಾರೀಕು ತಾನಾಗಿಯೇ ರವಿವಾರವಾಯಿತು. ರವಿವಾರ ಮಂಗಳವಾರವಾಯಿತು. ಮೋಟರು ಎಲ್ಲಿದೆ ಎಂದು ನೋಡಿದರೆ ‘ಕಳುಹಿಸಲು ಸಿದ್ಧವಾಗುತ್ತಿದೆ’ ಎಂಬ ಒಂದೇ ಸಾಲು. ಹನ್ನೊಂದನೆಯ ದಿನ ಮೆಸೇಜು ಬಂತು: ಮಾರಾಟಗಾರರು ನಿಮ್ಮ ಆರ್ಡರನ್ನು ರದ್ದು ಮಾಡಿದ್ದಾರೆ, ಹಣ ಮರಳಿಸಲಾಗುವುದು. ಹಣವೇನೋ ಮರಳಿತು. ಹೆಸರು ಅರವತ್ತು-ಎಪ್ಪತ್ತು ದಿನದ ಬೆಳೆ. ಅದರಲ್ಲಿ ಹನ್ನೊಂದು ದಿನವೆಂದರೆ ಆರರಲ್ಲೊಂದು ಪಾಲು. ಅದನ್ನು ಮರಳಿಸುವ ಬಟನ್ನು ಆ ಮೊಬೈಲಿನಲ್ಲಿ ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ನೆರೆಯವರ ಹಳೆಯ ಕೈಪಂಪು ಬೇಡಿ ತಂದು ಅರ್ಧ ಹೊಲಕ್ಕೆ ಹೊಡೆದದ್ದಾಗಿತ್ತು. ನಾಚಿಕೆ ಬಿಟ್ಟು ಗದಗಿನ ಅದೇ ಅಂಗಡಿಗೆ ಹೋದೆ. ಅವನು ಒಳಗಿನಿಂದ ಮೋಟರು ತಂದು ಮುಂದಿಟ್ಟ. “ಅವತ್ತ ನಿಮ್ಮ ಸಲುವಾಗೇ ತರಿಸಿದ್ನಿ. ಬರಲೇ ಇಲ್ಲಲ್ರಿ?” ರೇಟು ಮೊಬೈಲಿನದಕ್ಕಿಂತ ಜಾಸ್ತಿಯೇ ಇತ್ತು, ಒಂದು ರೂಪಾಯಿಯನ್ನೂ ಬಿಡಲಿಲ್ಲ. ಅವನನ್ನು ಪುಣ್ಯಾತ್ಮನೆಂದು ಹೊಗಳಲು ಈ ಕತೆ ಹೇಳುತ್ತಿಲ್ಲ. ಅವನು ‘ಇಲ್ಲ’ ಅಂದಾಗ ನಿಜವಾಗಿಯೂ ಇರಲಿಲ್ಲ, ‘ನಾಡಿದ್ದು’ ಅಂದದ್ದು ನಾಡಿದ್ದು ಬಂದಿತ್ತು ಎಂಬುದಷ್ಟೇ ನನಗೆ ಮುಖ್ಯ.

ಅಂಗಡಿಕಾರನ ‘ಇಲ್ಲ’ ಬಹಳ ಉಪಯೋಗದ ಮಾತು. ಆ ಮಾತು ಕೇಳಿದವನು ಬೇರೆ ಅಂಗಡಿ ಹುಡುಕುತ್ತಾನೆ, ಹುಬ್ಬಳ್ಳಿಗೆ ಹೋಗುವವನ ಕೈಲಿ ಹೇಳಿ ಕಳಿಸುತ್ತಾನೆ, ಇಲ್ಲವೇ ಬೇರೆ ಏನಾದರೂ ಏರ್ಪಾಡು ಮಾಡಿಕೊಳ್ಳುತ್ತಾನೆ. ಇರದ ಮಾಲನ್ನು ‘ಇದೆ’ ಎಂದಾಗ ಮನುಷ್ಯ ಕೈಕಟ್ಟಿ ಕೂರುತ್ತಾನೆ. ಬೇಸಾಯದಲ್ಲಿ ಹದ ಎಂದು ಒಂದಿದೆ. ಬಿತ್ತಲಿಕ್ಕೂ ಹದ, ಎಡೆ ಹೊಡೆಯಲಿಕ್ಕೂ ಹದ, ಎಣ್ಣಿ ಹೊಡೆಯಲಿಕ್ಕೂ ಹದ. ನಮ್ಮ ಎರಿ ಹೊಲಕ್ಕೆ ಮಳೆ ಬಿದ್ದ ಮರುದಿನ ಕಾಲಿಡಲು ಆಗುವುದಿಲ್ಲ, ನಾಲ್ಕು ದಿನ ಬಿಟ್ಟರೆ ನೆಲ ಬಿರುಸಾಗುತ್ತದೆ. ಆ ನಡುವಿನ ಎರಡು ದಿನದಲ್ಲಿ ಬೇಕಾದ ವಸ್ತು ಐದನೆಯ ದಿನ ಬಂದರೆ ಅದನ್ನು ತಡವಾಯಿತು ಎನ್ನುವುದಿಲ್ಲ, ಬರಲಿಲ್ಲ ಎನ್ನುತ್ತಾರೆ. ಪಟ್ಟಣದವರಿಗೆ ತಡವೆಂದರೆ ಬೇಜಾರು. ಹೊಸ ಅಂಗಿ ಈ ಶನಿವಾರದ ಬದಲು ಮುಂದಿನ ಶನಿವಾರ ಬಂದರೂ ಅದು ಅಂಗಿಯೇ. ಆನ್‌ಲೈನ್ ವ್ಯಾಪಾರದ ಗುಣಗಾನ ಮಾಡುವವರೆಲ್ಲ ಅಂಗಿಯ ಲೆಕ್ಕದಲ್ಲಿಯೇ ಮಾತಾಡುತ್ತಿದ್ದಾರೆ.

ಹಾಗಾದರೆ ಆ ಹಸಿರು ಅಕ್ಷರದ ‘ಇದೆ’ ಎಂದರೆ ಏನು? ಮಾಲು ಎಲ್ಲೋ ಒಂದು ಕಪಾಟಿನಲ್ಲಿ ಕೂತಿದೆ, ಯಾರೋ ನೋಡಿ ಹೇಳಿದ್ದಾರೆ ಎಂದು ನಾವು ತಿಳಿಯುತ್ತೇವೆ. ಅದು ಅಷ್ಟಲ್ಲ. ದೊಡ್ಡ ವೇದಿಕೆಗಳ ಮೇಲೆ ಮಾರುವವರು ಸಾವಿರಾರು ಬೇರೆ ಬೇರೆ ವ್ಯಾಪಾರಿಗಳು. ತಮ್ಮಲ್ಲಿ ಇಷ್ಟು ನಗ ಇದೆ ಎಂದು ಅವರೇ ಅಂಕಿ ತುಂಬುತ್ತಾರೆ. ಅದೇ ಐದು ನಗವನ್ನು ಮೂರು ವೇದಿಕೆಗಳಲ್ಲಿ ಐದೈದು ಎಂದು ತೋರಿಸುವುದುಂಟು. ಒಂದು ಕಡೆ ಮಾರಿದ್ದು ಇನ್ನೊಂದು ಕಡೆ ಕಡಿತವಾಗುವಷ್ಟರಲ್ಲಿ ಇಲ್ಲದ ಮಾಲು ಮಾರಿಹೋಗಿರುತ್ತದೆ. ಕೆಲವರಂತೂ ಏನನ್ನೂ ಇಟ್ಟುಕೊಂಡಿರುವುದಿಲ್ಲ. ಆರ್ಡರು ಬಂದಮೇಲೆ ಕೊಂಡು ಕಳಿಸುತ್ತಾರೆ, ಸಿಗದಿದ್ದರೆ ರದ್ದು ಮಾಡುತ್ತಾರೆ. ಇನ್ನೂ ತಮಾಷೆಯೆಂದರೆ ನಮ್ಮ ಕಾನೂನು. 2016ರಲ್ಲಿ ಬಂದ, 2018ರ ಡಿಸೆಂಬರಿನಲ್ಲಿ ಬಿಗಿ ಮಾಡಿದ ವಿದೇಶಿ ಬಂಡವಾಳದ ನಿಯಮದ ಪ್ರಕಾರ, ಪರದೇಶದ ದುಡ್ಡಿನ ಆನ್‌ಲೈನ್ ವೇದಿಕೆ ತಾನೇ ಸರಕು ಇಟ್ಟುಕೊಂಡು ಗಿರಾಕಿಗೆ ಮಾರುವ ಹಾಗಿಲ್ಲ. ಸಣ್ಣ ವ್ಯಾಪಾರಿಯನ್ನು ಕಾಯಲೆಂದೇ ಮಾಡಿದ ನಿಯಮ, ಉದ್ದೇಶ ಒಳ್ಳೆಯದೇ. ಆದರೆ ಅದರ ಇನ್ನೊಂದು ಮುಖ ನೋಡಿ: ‘ಸ್ಟಾಕ್ ಇದೆ’ ಎಂದು ನಮಗೆ ತೋರಿಸುವವನು ಆ ಸರಕಿನ ಒಡೆಯನಲ್ಲ, ಆಗಲಿಕ್ಕೂ ಬಾರದು. ಮಾತು ಒಬ್ಬನದು, ಮಾಲು ಇನ್ನೊಬ್ಬನದು, ಗಾಡಿ ಮತ್ತೊಬ್ಬನದು. ತಪ್ಪಾದಾಗ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಕನ್ನಡ ನೆಲದಲ್ಲೇ ಹುಟ್ಟಿದ ಉದಾಹರಣೆ ಇದೆ. 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಸುರುವಾದಾಗ ಅದಕ್ಕೆ ಬಂದ ಮೊದಲ ಆರ್ಡರು ಒಂದು ಇಂಗ್ಲಿಷ್ ಪುಸ್ತಕಕ್ಕೆ, ಇವತ್ತು ತೆಲಂಗಾಣದಲ್ಲಿರುವ ಮಹಬೂಬ್‌ನಗರದಿಂದ. ಪುಸ್ತಕ ಅವರ ಹತ್ತಿರ ಇರಲಿಲ್ಲ. ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಹುಡುಕಾಡಿ ಕೊಂಡು ಕಳಿಸಿದರು. ಇದನ್ನು ಸಾಹಸಗಾಥೆಯ ಹಾಗೆ ಹೇಳುತ್ತಾರೆ; ಹೌದು, ಅದರಲ್ಲಿ ಒಂದು ನಿಯತ್ತಿದೆ, ಇದೆ ಎಂದವರು ತಾವೇ ಎದ್ದು ಓಡಾಡಿದರು. ಏಳು ವರ್ಷದ ಮೇಲೆ, 2014ರ ಅಕ್ಟೋಬರ್ 6ರಂದು, ಅದೇ ಕಂಪನಿ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾಡಿತು. ಸರಕು ಕ್ಷಣದಲ್ಲಿ ಖಾಲಿ, ಆದ ಆರ್ಡರುಗಳು ರದ್ದು, ವೆಬ್‌ಸೈಟು ಸ್ತಬ್ಧ. ಮರುದಿನವೇ ಇಬ್ಬರು ಸಂಸ್ಥಾಪಕರೂ ಗಿರಾಕಿಗಳಿಗೆ ಕ್ಷಮೆ ಕೇಳಿ ಪತ್ರ ಬರೆದರು. ಆಗ ಕ್ಷಮೆಯಾದರೂ ಇತ್ತು. ನನ್ನ ಮೋಟರಿನ ಮೆಸೇಜಿನ ಕೊನೆಯಲ್ಲಿ ಇದ್ದದ್ದು ‘ಇಂಥದೇ ಇತರ ವಸ್ತುಗಳನ್ನು ನೋಡಿ’ ಎಂಬ ಸಾಲು.

ಇರದಿದ್ದನ್ನು ಇದೆ ಎನ್ನುವುದು ಒಂದು ಬಗೆಯಾದರೆ, ಬೇಕಾದಷ್ಟು ಇರುವುದನ್ನು ಇನ್ನೇನು ಮುಗಿಯಿತು ಎನ್ನುವುದು ಇನ್ನೊಂದು. ‘ಕೇವಲ 2 ಉಳಿದಿವೆ’, ‘ಹದಿನಾಲ್ಕು ಜನ ಈಗ ಇದನ್ನು ನೋಡುತ್ತಿದ್ದಾರೆ’. ಸಂತೆಯಲ್ಲಿ ಗೋಣಿ ತುಂಬ ಸರಕು ಹಿಂದೆ ಮುಚ್ಚಿಟ್ಟು “ಇದss ಕಡೇದು ಯಕ್ಕಾ, ಒಯ್ಯಿ” ಎನ್ನುವವನ ಮುಖವನ್ನಾದರೂ ನಮ್ಮ ಅವ್ವಂದಿರು ಓದುತ್ತಿದ್ದರು. ಮೊಬೈಲಿಗೆ ಮುಖವಿಲ್ಲ. ಇದು ನನ್ನೊಬ್ಬನ ಗೊಣಗಾಟವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಗಿರಾಕಿಯನ್ನು ಮರುಳು ಮಾಡುವ 13 ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಆ ಪಟ್ಟಿಯ ಮೊದಲ ಹೆಸರೇ ಸುಳ್ಳು ಅವಸರ ಹುಟ್ಟಿಸುವುದು.

ಇನ್ನು ಸಾಗಣೆ. ನಮ್ಮ ವಿಳಾಸ ಹಾಕಿದಾಗ ಮೊಬೈಲು ಕೇಳುವುದು ಪಿನ್‌ಕೋಡು. ಆ ಆರು ಅಂಕಿಗಳನ್ನು 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ತಂದಿತು, ಶ್ರೀರಾಮ ಭಿಕಾಜಿ ವೇಲಣಕರ ಎಂಬ ಅಧಿಕಾರಿಯ ಯೋಚನೆ. ದೇಶದ ಯಾವ ಮೂಲೆಯ ಪತ್ರವೂ ದಾರಿ ತಪ್ಪದೆ ಮುಟ್ಟಲಿ ಎಂಬುದು ಅದರ ಉದ್ದೇಶ. ಈಗ ಅದೇ ಅಂಕಿ ನಮ್ಮನ್ನು ಸೋಸುವ ಜರಡಿಯಾಗಿದೆ. ಒಂದು ಪಿನ್‌ಕೋಡಿನ ಹೊಟ್ಟೆಯೊಳಗೆ ಹಲವು ಊರುಗಳಿರುತ್ತವೆ. ರಸ್ತೆ ಬದಿಯ ಊರಿಗೆ ಕೊಡುವವರು ಒಳಗಿನ ಊರಿಗೆ ಬರಲೊಲ್ಲರು. ಆದರೆ ಪಿನ್‌ಕೋಡು ಒಂದೇ ಆದ್ದರಿಂದ ಮೊಬೈಲು ಇಬ್ಬರಿಗೂ ‘ನಿಮ್ಮಲ್ಲಿಗೆ ಡೆಲಿವರಿ ಇದೆ’ ಎನ್ನುತ್ತದೆ. ದುಡ್ಡು ಕೊಟ್ಟಮೇಲೆಯೇ ಫೋನು: “ಅಣ್ಣಾ, ನಿಮ್ಮ ಪಾರ್ಸಲ್ ಬಂದೈತಿ, ಗದಗಕ್ಕ ಬಂದು ಒಯ್ತೀರೇನು? ಆ ಕಡೆ ಇವತ್ತ ಗಾಡಿ ಇಲ್ಲ.”

ಫೋನು ಮಾಡಿದ ಆ ಡೆಲಿವರಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನಗಕ್ಕೆ ಇಷ್ಟೆಂದು ದುಡ್ಡು, ಗಾಡಿ ಅವನದೇ, ಪೆಟ್ರೋಲೂ ಅವನದೇ. ಒಂದು ಚಾರ್ಜರಿನ ಸಲುವಾಗಿ ನಮ್ಮೂರಿಗೆ ಬಂದು ಹೋದರೆ ಅವತ್ತಿನ ದುಡಿಮೆ ಎಣ್ಣೆಗೇ ಹೋಗುತ್ತದೆ. ಆದರೆ ಅವನು ಬರಲಿಲ್ಲ ಎಂಬುದನ್ನು ಕಂಪನಿಯ ಲೆಕ್ಕದಲ್ಲಿ ಬರೆಯಲಾಗದು. ಅವನ ಫೋನಿನಲ್ಲಿ ಆ ಕಾರಣಕ್ಕೆ ಜಾಗವಿಲ್ಲ. ಇರುವ ಜಾಗಗಳೆಂದರೆ ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ’, ‘ಗ್ರಾಹಕರೇ ಬೇರೆ ದಿನ ಕೇಳಿದ್ದಾರೆ’, ‘ಗ್ರಾಹಕರು ನಿರಾಕರಿಸಿದ್ದಾರೆ’. ಹಾಗಾಗಿ ದಿನವಿಡೀ ಬಾಗಿಲಲ್ಲಿ ಕೂತವಳು ಮನೆಯಲ್ಲಿ ಇರಲಿಲ್ಲವೆಂದು ದಾಖಲಾಗುತ್ತಾಳೆ. ಹಳ್ಳಿಯ ತಡವನ್ನು ಹಳ್ಳಿಗನ ತಪ್ಪೆಂದು ಬರೆಯುವ ಈ ಕಾರಕೂನಿಕೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು. ವರ್ಷದ ಕೊನೆಗೆ ಯಾರೋ ಲೆಕ್ಕ ತೆಗೆದಾಗ ಹಳ್ಳಿಗಳಲ್ಲಿ ಡೆಲಿವರಿ ತಡವಾಗುವುದಿಲ್ಲ, ಹಳ್ಳಿಯ ಜನ ಮನೆಯಲ್ಲಿ ಇರುವುದಿಲ್ಲ ಎಂದು ತಾನೇ ಕಾಣುವುದು?

ಬಾಗಿಲಲ್ಲಿ ಕೂರುವುದಕ್ಕೂ ಒಂದು ಬೆಲೆಯಿದೆ. ಕಳೆ ತೆಗೆಯುವ ಹಂಗಾಮಿನಲ್ಲಿ ಹೆಣ್ಣಾಳು ಒಂದು ದಿನ ಮನೆಯಲ್ಲಿ ಕೂತರೆ ಅವತ್ತಿನ ಕೂಲಿ ಹೋಯಿತು. ಬಂದಮೇಲೆ ದುಡ್ಡು ಕೊಡುವ ಆರ್ಡರಾದರೆ ಆ ನೋಟುಗಳನ್ನು ಡಬ್ಬಿಯಲ್ಲಿ ಕಟ್ಟಿಡಬೇಕು, ಬೇರೆ ಖರ್ಚಿಗೆ ಮುಟ್ಟುವಂತಿಲ್ಲ. ‘ಫ್ರೀ ಡೆಲಿವರಿ’ ಎನ್ನುವ ಪದ ಇಂಥವರ ಮುಂದೆ ಹೇಳುವಂಥದಲ್ಲ.

ಈಗ ಎದುರಿನವರ ಮಾತು ಕೇಳೋಣ. ಅವರಲ್ಲಿ ಗಟ್ಟಿ ಮಾತುಗಳೇ ಇವೆ. ಅಂಗಡಿಕಾರರೇನು ಸತ್ಯಹರಿಶ್ಚಂದ್ರರೇ? ಅಲ್ಲ. ಗೊಬ್ಬರದ ಹಂಗಾಮಿನಲ್ಲಿ ಗೋದಾಮಿನಲ್ಲಿ ಚೀಲ ಇಟ್ಟುಕೊಂಡೇ ‘ಯೂರಿಯಾ ಇಲ್ಲ’ ಎಂದವರನ್ನು, ಬೇಕಾದರೆ ಜೊತೆಗೆ ಈ ಔಷಧದ ಬಾಟಲಿಯನ್ನೂ ಒಯ್ಯಿರಿ ಎಂದು ‘ಲಿಂಕ್’ ಹಚ್ಚಿದವರನ್ನು ನಾನೂ ಕಂಡಿದ್ದೇನೆ. ಉದ್ರಿ ಬರೆದು ಬಡ್ಡಿ ಸೇರಿಸಿದವರನ್ನು ಕಂಡಿದ್ದೇನೆ. ಇನ್ನೂ ದೊಡ್ಡ ಮಾತೊಂದಿದೆ. ಗಂಡಸು ಕೂತ ಅಂಗಡಿಯಲ್ಲಿ ಒಳಉಡುಪು, ಪ್ಯಾಡು ಕೇಳಲು ನಾಚಿ ಬರಿಗೈಲೆ ಬರುತ್ತಿದ್ದ ಹುಡುಗಿಯರಿಗೆ, ಕೇರಿಯಿಂದ ಬಂದವನೆಂದು ಗೊತ್ತಾದ ಕೂಡಲೇ ಮಾತಿನ ಧಾಟಿ ಬದಲಾಗುತ್ತಿದ್ದುದನ್ನು ಅನುಭವಿಸಿದವರಿಗೆ, ಮೊಬೈಲಿನ ಅಂಗಡಿ ಕೊಟ್ಟ ಸಮಾಧಾನ ಸಣ್ಣದಲ್ಲ. ಅದು ಯಾರ ಜಾತಿಯನ್ನೂ ಕೇಳುವುದಿಲ್ಲ. 2020ರಲ್ಲಿ ಎರಡು ದೊಡ್ಡ ವೇದಿಕೆಗಳು ಕನ್ನಡದಲ್ಲೂ ಸಿಗುವಂತಾದವು. ಆ ಕನ್ನಡ ಎಷ್ಟೇ ಕಲ್ಲು ಕಡಿದಂತಿದ್ದರೂ ಇಂಗ್ಲಿಷು ಬಾರದ ನನ್ನ ಅತ್ತಿಗೆ ಅದರಲ್ಲಿಯೇ ಕುಕ್ಕರಿನ ಗ್ಯಾಸ್ಕೆಟ್ಟು ಹುಡುಕಿ ತರಿಸಿದ್ದಾಳೆ. ಇದೆಲ್ಲ ನಿಜ, ಇದನ್ನು ಬಿಟ್ಟುಕೊಡಲು ನಾನೂ ತಯಾರಿಲ್ಲ.

ಆದರೆ ಜಾತಿ ಕೇಳದ ಅಂಗಡಿ ಊರು ಕೇಳುತ್ತದೆ. ಅಂಗಡಿಕಾರ ಸುಳ್ಳು ಹೇಳಿದರೆ ನಾಳೆ ಅವನ ಎದುರಿಗೆ ನಿಂತು “ಅಲ್ಲೋ ಮಾರಾಯ, ಒಳಗ ಚೀಲ ಇಟಗೊಂಡು ಇಲ್ಲಂದ್ಯಾ?” ಎಂದು ನಾಲ್ಕು ಜನರ ಮುಂದೆ ಕೇಳಬಹುದು, ಕೃಷಿ ಇಲಾಖೆಗೆ ಹೇಳಿ ಗೋದಾಮು ತೆಗೆಸಿ ನೋಡಬಹುದು. ಒಂದು ಕೆಡುಕನ್ನು ತೋರಿಸಿ ಇನ್ನೊಂದು ಕೆಡುಕನ್ನು ತೊಳೆಯಲಾಗದು. ಹಳೆಯ ಸುಳ್ಳಿನಿಂದ ಪಾರಾದವರು ಹೊಸ ಸುಳ್ಳನ್ನು ಪ್ರಗತಿ ಎಂದು ಕರೆಯಬೇಕಾದ ಹಂಗೇನಿದೆ?

ಇನ್ನೊಂದು ವಾದ ಹೆಚ್ಚು ಜಾಣತನದ್ದು. ‘ಹಳ್ಳಿ ದೂರ, ತಡ ಆಗೇ ಆಗ್ತದ, ಸ್ವಲ್ಪ ತಾಳ್ಮೆ ಬೇಕು.’ ಕೇಳಲು ನ್ಯಾಯವೆನಿಸುತ್ತದೆ. ಆದರೆ ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪು ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವುದು ಅಲ್ಲಿನ ಹುಡುಗರ ಗಾಡಿಗೆ ರೆಕ್ಕೆ ಇರುವುದರಿಂದಲ್ಲ. ಓಣಿ ಓಣಿಗೆ ಒಂದು ಗೋದಾಮು ಬಾಡಿಗೆ ಹಿಡಿದು ಸರಕು ತುಂಬಿಟ್ಟಿದ್ದಾರೆ. ವೇಗವೆಂದರೆ ಗೋದಾಮು, ಗೋದಾಮೆಂದರೆ ಯಾರೋ ಹಾಕಿದ ದುಡ್ಡು. ಗದಗಿನ, ಲಕ್ಷ್ಮೇಶ್ವರದ, ಮುಂಡರಗಿಯ ಬಿಡಿಭಾಗದ ಅಂಗಡಿಕಾರನೂ ಇದನ್ನೇ ಮಾಡುತ್ತಾನೆ: ವರ್ಷಕ್ಕೆ ಎರಡೋ ಮೂರೋ ಮಾರಾಟವಾಗುವ ವಾಷರು, ನಾಝಲ್ಲುಗಳಿಗೆ ತನ್ನ ಬಂಡವಾಳ ಸುರಿದು, ಇಲಿ ಹೆಗ್ಗಣ ಕಾಯುತ್ತ ಕೂರುತ್ತಾನೆ. ಅವನು ಜಾಸ್ತಿ ತೆಗೆದುಕೊಳ್ಳುವ ರೇಟಿನಲ್ಲಿ ಆ ಕೂತದ್ದರ ಬಾಡಿಗೆಯೂ ಇದೆ. ಬೆಂಗಳೂರಿಗೆ ಗೋದಾಮು ಕಟ್ಟಿದವರು ನಮಗೆ ಕಟ್ಟಲಿಲ್ಲ. ನಮ್ಮ ಕಾಯುವಿಕೆಯನ್ನೇ ಗೋದಾಮು ಮಾಡಿಕೊಂಡರು, ಅದಕ್ಕೆ ಬಾಡಿಗೆಯೂ ಇಲ್ಲ. ಇದು ಭೂಗೋಳದ ತಪ್ಪಲ್ಲ, ಅವರು ಹಾಕಿಕೊಂಡ ಲೆಕ್ಕ.

ದೂರದ ಮಾತನ್ನು ಗದಗಿನವರ ಮುಂದಾದರೂ ಆಡಬಾರದು. ದೇಶದ ದೊಡ್ಡ ಪಾರ್ಸಲ್ ಸಾಗಣೆ ಕಂಪನಿಗಳಲ್ಲಿ ಒಂದಾದ ವಿಆರ್‌ಎಲ್ ಹುಟ್ಟಿದ್ದು ಇದೇ ಗದಗಿನಲ್ಲಿ. ಪುಸ್ತಕ-ಮುದ್ರಣದ ಮನೆತನದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸುರು ಮಾಡಿದರು. ಲಾರಿ ಪಾರ್ಸಲ್ಲಿನ ಪದ್ಧತಿಯಲ್ಲಿ ಯಾರೂ ಮನೆ ಬಾಗಿಲಿನ ಆಸೆ ಹಚ್ಚುವುದಿಲ್ಲ. ರಸೀದಿ ಕೈಯಲ್ಲಿರುತ್ತದೆ, ಮಾಲು ಗೋದಾಮಿಗೆ ಬಂದಿದೆಯೋ ಇಲ್ಲವೋ ಎಂದು ಹೋಗಿ ಕಣ್ಣಾರೆ ನೋಡುತ್ತೇವೆ, ಎತ್ತಿಕೊಂಡು ಬರುತ್ತೇವೆ. ಗದಗಕ್ಕೆ ಹೋಗುವುದು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅಲ್ಲಿ ಮೊದಲೇ ಹೇಳುತ್ತಾರೆ, ಇಲ್ಲಿ ದುಡ್ಡು ತೆಗೆದುಕೊಂಡು ಆಮೇಲೆ ಹೇಳುತ್ತಾರೆ. 2021ರಿಂದ ನಮ್ಮ ಸರಕಾರಿ ಬಸ್ಸುಗಳೂ ‘ನಮ್ಮ ಕಾರ್ಗೋ’ ಹೆಸರಿನಲ್ಲಿ ಪಾರ್ಸಲು ಒಯ್ಯುತ್ತವೆ. ಹಳ್ಳಿಯ ಪೋಸ್ಟಿನವನಿಗೆ ಮನೆ ಮನೆಯೂ ಗೊತ್ತು. ದಾರಿಗಳಿಗೇನೂ ಕೊರತೆಯಿಲ್ಲ, ನಾವು ಒಟ್ಟಾಗಬೇಕಷ್ಟೆ.

ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಸಾಲ ಬೇಕಾದ ರೈತ ಸಾಹುಕಾರನ ಮುಂದೆ ಒಂಟಿಯಾಗಿ ನಿಂತರೆ ಸೋಲುತ್ತಾನೆ ಎಂಬ ಸರಳ ತಿಳಿವಳಿಕೆ ಅದರ ಹಿಂದೆ ಇತ್ತು. ಮೊಬೈಲಿನ ಮುಂದೆಯೂ ನಾವು ಒಂಟಿಯಾಗಿಯೇ ನಿಂತಿದ್ದೇವೆ, ಒಬ್ಬೊಬ್ಬರೇ ಒಂದೊಂದು ಚಾರ್ಜರಿಗೆ ಕಾಯುತ್ತ. ಊರಿನ ಪತ್ತಿನ ಸಂಘದಲ್ಲಿ ಒಂದು ಕಪಾಟು, ವಾರಕ್ಕೆ ಎರಡು ಗೊತ್ತಾದ ದಿನ, ಊರಿನ ಪಾರ್ಸಲೆಲ್ಲ ಅಲ್ಲಿಗೆ ಒಟ್ಟಿಗೆ ಬರುವಂತಾದರೆ ಆ ಹುಡುಗನಿಗೂ ಒಂದು ಸುತ್ತಿನ ಪೆಟ್ರೋಲು ದಕ್ಕುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ, ಬೀಗವಿರುವ ಒಂದು ಕಪಾಟು ಸಾಕು. ಆದರೆ ‘ಮನೆ ಬಾಗಿಲಿಗೆ’ ಎಂಬ ಸುಳ್ಳನ್ನು ಮೊದಲು ಬಿಟ್ಟರೆ ಮಾತ್ರ ಈ ಕಪಾಟಿನ ಮಾತು ಸುರುವಾಗುತ್ತದೆ.

ಅಲ್ಲಿಯತನಕ ಕಾನೂನು ಕೊಟ್ಟಷ್ಟನ್ನಾದರೂ ಬಳಸೋಣ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳಲ್ಲಿ ಸ್ಪಷ್ಟವಾಗಿದೆ: ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ಗಿರಾಕಿ ತಿರುಗಿಸಿದರೆ, ಪ್ರಕೃತಿ ವಿಕೋಪದಂಥ ಕಾರಣ ಇದ್ದಾಗ ಬಿಟ್ಟು, ಮಾರಿದವನು ಒಲ್ಲೆ ಎನ್ನುವಂತಿಲ್ಲ, ದುಡ್ಡು ಕೊಡಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ತಾನು ರದ್ದು ಮಾಡಿದಾಗ ಏನೂ ತೆರದ ಕಂಪನಿ, ನೀವು ರದ್ದು ಮಾಡಿದಾಗ ನಿಮ್ಮಿಂದ ದಂಡ ಕೀಳುವಂತಿಲ್ಲ. 2019ರ ಕಾಯ್ದೆಯ ಪ್ರಕಾರ ಕೇಸು ಹಾಕಲು ಕಂಪನಿಯಿರುವ ಊರಿಗೆ ಅಲೆಯಬೇಕಿಲ್ಲ, ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗವೇ ಸಾಕು. ಐದು ಲಕ್ಷದವರೆಗಿನ ಖರೀದಿಗೆ ಫೀಯೂ ಇಲ್ಲ. ಸಹಾಯವಾಣಿಯ ನಂಬರು 1915. ಈ ನಿಯಮಗಳಿಗೂ ಒಂದು ಮಿತಿ ಇದೆ. ದುಡ್ಡು ಮರಳಿಸಿದರೆ ಋಣ ತೀರಿತು ಎಂಬುದೇ ಅವುಗಳ ಮನಸ್ಸು. ಹೋದ ಹದಕ್ಕೆ ಅಲ್ಲಿ ದರವಿಲ್ಲ. ತಾರೀಕು ಕೊಟ್ಟು ತಪ್ಪಿದ ಪ್ರತಿ ದಿನಕ್ಕೆ ಇಂತಿಷ್ಟು ದಂಡ ಕಂಪನಿಯಿಂದ ಗಿರಾಕಿಗೆ ತಾನಾಗಿಯೇ ಬರಬೇಕು ಎಂದು ನಮ್ಮ ಶಾಸಕರು, ಸಂಸದರು ಕೇಳಬೇಕು. ಕೇಳದಿದ್ದರೆ ಕೇಳುವಂತೆ ನಾವು ಮಾಡಬೇಕು.

ಮತ್ತೆ ಒಂದು ಸಣ್ಣ ಕೆಲಸ ಇವತ್ತೇ ಮಾಡಬಹುದು. “ಅಣ್ಣಾ, ಇವತ್ತ ಬರಾಕ ಆಗೂದಿಲ್ಲ, ಒಂದು ಒಟಿಪಿ ಬಂದೈತಿ ನೋಡ್ರಿ, ಹೇಳಿಬಿಡ್ರಿ” ಎಂದು ಫೋನು ಬಂದರೆ, ಪಾರ್ಸಲು ಕೈಗೆ ಬರುವ ಮೊದಲು ಕೇಳುವ ಆ ಒಟಿಪಿ ಸಾಮಾನ್ಯವಾಗಿ ‘ಗ್ರಾಹಕರೇ ಬೇಡ ಎಂದರು’, ‘ಗ್ರಾಹಕರೇ ದಿನ ಬದಲಿಸಿದರು’ ಎಂದು ಬರೆಯಲು ಬೇಕಾದದ್ದು. ಹುಡುಗನಿಗೆ ಬೈಯಬೇಡಿ, ಬಂದ ದಿನ ಬಿಸಿಲಾಗಿದ್ದರೆ ನೀರು ಕುಡಿದು ಹೋಗು ಅನ್ನಿ. ಒಟಿಪಿ ಮಾತ್ರ ಹೇಳಬೇಡಿ.